ಕೊನೆಯ ತೊಟ್ಟಿಗೆ ಹಾಕಿದ ಅಂಗಿ

ಜನವರಿ ೯

ಯಜಮಾನರಿಗೆ,

ರಜೆ ಮುಗಿಸಿ ನೀವು ಹೊರಟ ಮೇಲೆ ಇದು ಮೊದಲ ಕಾಗದ. ಫೋನಿನಲ್ಲೇ ಹೇಳೋಣವೆಂದರೆ ಕುಲುಮೆಗಳ ಸದ್ದಿನಲ್ಲಿ ವರ್ಷಗಟ್ಟಲೆ ನಿಂತ ಕಿವಿ ನಿಮ್ಮದು, ನಿಮಗೆ ಸರಿಯಾಗಿ ಕೇಳುವುದಿಲ್ಲ. ನನಗೆ ಕೂಗಿ ಹೇಳಲು ಬರುವುದಿಲ್ಲ. ಕೂಗಿ ಹೇಳಬಹುದಾದ ಮಾತುಗಳನ್ನೆಲ್ಲ ನಿಮ್ಮ ತಾಯಿ ಭಾನುವಾರದ ಫೋನಿನಲ್ಲೇ ಹೇಳಿ ಮುಗಿಸಿರುತ್ತಾರೆ.

ನಗರಸಭೆಯ ಗೋಡೆಗೆ ಒಂದು ನಕ್ಷೆ ಅಂಟಿಸಿದ್ದಾರೆ. ನಮ್ಮ ಬೀದಿಗೆ ಹಳದಿ ಬಣ್ಣ, ಅಂದರೆ ಮನೆಗಳು. ಬೀದಿಯ ಹಿಂದಿನ ಬಯಲಿಗೆ, ನಾವು ಲಾಂಡ್ರಿಯ ಹೆಂಗಸರು ಆಸ್ಪತ್ರೆಯ ಶೀಟುಗಳನ್ನು ಒಣಹಾಕುವ ಬಯಲಿಗೆ, ಈವರೆಗೆ ಹಸಿರು ಬಣ್ಣವಿತ್ತು. ಅದನ್ನು ನೇರಳೆ ಮಾಡುವ ಪ್ರಸ್ತಾಪವಿದೆ. ನೇರಳೆ ಎಂದರೆ ಭಾರಿ ಕೈಗಾರಿಕೆ ಎಂದು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದೆ. ಹೇಳುವುದಿದ್ದವರು ಏಪ್ರಿಲ್ ತಿಂಗಳ ಅಹವಾಲು ಸಭೆಗೆ ಬಂದು ಹೇಳಬಹುದಂತೆ. ಹಳದಿಗೂ ನೇರಳೆಗೂ ನಡುವೆ ಪೆನ್ಸಿಲಿನಿಂದ ಎಳೆದಂಥ ಒಂದು ಗೆರೆಯಿದೆ. ಬಹಳ ಹೊತ್ತು ನೋಡಿದ ಮೇಲೆ ಗೊತ್ತಾಯಿತು, ಆ ಗೆರೆ ನಮ್ಮ ಹಿತ್ತಲ ಗೋಡೆ.

ಬರುವುದು ಎರಕದ ಕಾರ್ಖಾನೆ. ಕಂಪನಿಯ ಹೆಸರನ್ನು ಎರಡು ಸಲ ಓದಿದೆ. ನಿಮ್ಮದೇ ಕಂಪನಿ.

ನಾನು ಮನೆಗೆ ಬರುವಷ್ಟರಲ್ಲಿ ಸುದ್ದಿ ನನಗಿಂತ ಮೊದಲೇ ಬಂದಿತ್ತು. ಅತ್ತೆ ಬೀದಿಯ ನಡುವೆ ನಿಂತು ನಿವೃತ್ತ ಮೇಷ್ಟ್ರಿಗೆ ಹೇಳುತ್ತಿದ್ದರು: "ಲಾಂಡ್ರಿ ಬಾಯ್ಲರಿಗೆ ಕರೆಂಟ್ ಬಂತು, ನನ್ನ ಮಗನ ಕೆಲಸ ಹೋಯ್ತು. ಬೆಂಕಿ ಬಿಟ್ಟು ಬೇರೆ ಏನೂ ಗೊತ್ತಿಲ್ಲದೋನು, ಬೆಂಕಿ ಹುಡುಕ್ಕೊಂಡು ದೂರದೂರಿಗೆ ಹೋದ. ಈಗ ಬೆಂಕಿನೇ ಅವನನ್ನ ಕರ್ಕೊಂಡು ಮನೆ ಹಿಂದಕ್ಕೆ ಬರ್ತಿದೆ. ಬೇಡ ಅನ್ನೋಕೆ ನೀವ್ಯಾರು?"

ಮೇಷ್ಟ್ರು ಏನೋ ಉತ್ತರ ಕೊಟ್ಟರು. ನಾನು ಒಳಗೆ ಬಂದು ಒಲೆ ಹಚ್ಚಿದೆ.

ನಿಮಗೆ ಈ ವಿಷಯ ಮೊದಲೇ ಗೊತ್ತಿತ್ತೇ?

ಇಂತು,
ನಿಮ್ಮ ಮನೆಯಾಕೆ


ಜನವರಿ ೨೧

ಸೋಪಮ್ಮನಿಗೆ,

ನಿನ್ನ ಕಾಗದ ಬಂದ ವಾರವೇ ಇಲ್ಲಿಯೂ ಹೇಳಿದರು. ಅದಕ್ಕೆ ಮೊದಲು ಗೊತ್ತಿರಲಿಲ್ಲ. ಊಟದ ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿ, ಹೊಸ ಕಾರ್ಖಾನೆ ಎದ್ದರೆ ಅಲ್ಲಿಗೆ ವರ್ಗ ಬೇಕಾದವರು ಹೆಸರು ಕೊಡಿ ಎಂದರು. ನನ್ನ ಕೈಯಲ್ಲಿ ಚಹಾದ ಲೋಟ ಇತ್ತು. ಅದನ್ನು ಕೆಳಗಿಡುವುದನ್ನೂ ಮರೆತು ಎದ್ದೆ. ದೊಡ್ಡಕ್ಕನ ಗಂಡ, ನಮ್ಮ ಭಾವ, ನನ್ನ ಹಿಂದೆಯೇ ಎದ್ದ. ನಮ್ಮ ಬೀದಿಯಿಂದ ಬಂದ ಬಾಯ್ಲರಿನವರೆಲ್ಲ ಎದ್ದರು. ಮೇಸ್ತ್ರಿ ನಕ್ಕು, "ಏನ್ರಪ್ಪಾ, ನಿಮ್ಮೂರಲ್ಲಿ ಅಂಥದ್ದೇನಿದೆ?" ಎಂದ. ಉತ್ತರ ಎಲ್ಲರಿಗೂ ಒಂದೇ ಆಗಿದ್ದಾಗ ಹೇಳುವುದಕ್ಕೆ ನಾಚಿಕೆಯಾಗುತ್ತದೆ.

ಕೋಣೆಗೆ ಬಂದಮೇಲೆ ಭಾವ ನೆಲದ ಮೇಲೆ ಸೀಮೆಸುಣ್ಣದಿಂದ ಬಯಲಿನ ಚಿತ್ರ ಬರೆದ. ಕುಲುಮೆ ಇಲ್ಲಿ ಬರುತ್ತದೆ, ಗೇಟು ಇಲ್ಲಿ ಎಂದು ಲೆಕ್ಕ ಹಾಕಿದೆವು. ಕುಲುಮೆಗೆ ಕಬ್ಬಿಣ ಹಾಕಲು ಎತ್ತರದ ಅಟ್ಟ ಇರುತ್ತದೆ, ಅದರ ಮೇಲೆ ನಿಲ್ಲುವವನು ನಾನು. ಅಲ್ಲಿಂದ ನೋಡಿದರೆ ನಮ್ಮ ಹಿತ್ತಲು ಕಾಣಬೇಕು. ನೀನು ಶೀಟು ಹರಡುವುದು ಕಾಣಬೇಕು. ಕೂಗಿದರೆ ಕೇಳಿಸದಿದ್ದರೂ ಕೈಯಾಡಿಸಿದರೆ ಕಾಣುವಷ್ಟು ದೂರ.

ಹೊಗೆಯ ವಿಷಯ ಮೇಷ್ಟ್ರು ಕೇಳಿದರೆ ಹೇಳು. ಇಲ್ಲಿ ಧೂಳು ಹಿಡಿಯುವ ಯಂತ್ರ ಇದೆ. ಓಡುತ್ತಿರುವಾಗ ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಅಮ್ಮನಿಗೆ ಬೀದಿಯಲ್ಲಿ ನಿಂತು ಜಗಳವಾಡಬೇಡ ಎನ್ನು. ಕೇಳುವುದಿಲ್ಲ ಎಂದು ಗೊತ್ತು. ಆದರೂ ಹೇಳು.

ನಿನ್ನ,
ಬಾಯ್ಲರ್


ಫೆಬ್ರವರಿ ೬

ಯಜಮಾನರಿಗೆ,

ಬೀದಿ ಎರಡು ಭಾಗವಾಗಿದೆ. ಗಂಡಸರು ಮನೆಯಲ್ಲೇ ಇರುವ ಮನೆಗಳು ಒಂದು ಕಡೆ, ನಮ್ಮಂಥ ಮನೆಗಳು ಇನ್ನೊಂದು ಕಡೆ. ಲಾಂಡ್ರಿಯ ಷೆಡ್ಡಿನಲ್ಲಿ ಸಭೆ ಸೇರಿದ್ದೆವು. ಬೇರೆ ಕಡೆ ಇಷ್ಟು ಜನಕ್ಕೆ ಜಾಗವಿಲ್ಲ. ಮೇಷ್ಟ್ರು ಚೆನ್ನಾಗಿ ಮಾತಾಡಿದರು. ಕಾರ್ಖಾನೆ ಬೇಡವೆಂದಲ್ಲ, ಅದಕ್ಕೆ ಊರಾಚೆ ಬೇಕಾದಷ್ಟು ಜಾಗವಿದೆ, ಮಲಗುವ ಕೋಣೆಯ ಕಿಟಕಿಗೆ ತಾಗಿಸಿ ಕಬ್ಬಿಣ ಕರಗಿಸುವುದು ಯಾಕೆ ಎಂಬುದು ಅವರ ಪ್ರಶ್ನೆ. ಒಮ್ಮೆ ಬಣ್ಣ ಬದಲಾದರೆ ಇವತ್ತು ಒಂದು ಕಾರ್ಖಾನೆ, ನಾಳೆ ಹತ್ತು ಎಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಆಗ ಅತ್ತೆ ಎದ್ದರು. "ಮೇಷ್ಟ್ರೇ, ನಿಮ್ಮ ಮಕ್ಕಳೆಲ್ಲ ನಿಮ್ಮ ಕಣ್ಣೆದುರಿಗೇ ಇದಾರೆ. ನಿಮಗೆ ಗಾಳಿ ಬೇಕು. ನಮಗೆ ಮೊದಲು ಜನ ಬೇಕು" ಎಂದರು. ಅದರಲ್ಲಿಯೂ ಸುಳ್ಳಿರಲಿಲ್ಲ.

ಶೀಟು ಮಡಿಸುವುದು ಇಬ್ಬರ ಕೆಲಸ, ನಿಮಗೆ ಗೊತ್ತಲ್ಲ. ಈಗಲೂ ನನ್ನ ಜೋಡಿ ದೊಡ್ಡಕ್ಕನೇ. ಭಾವ ಬಂದಮೇಲೆ ಮಧ್ಯಾಹ್ನದ ಊಟಕ್ಕೆ ಮನೆಗೇ ಬರುತ್ತಾರೆ, ಬಿಸಿಯಾಗಿ ಬಡಿಸಬೇಕು ಎಂದು ಅವಳು ಈಗಿನಿಂದಲೇ ಪಾತ್ರೆ ಹೊಂದಿಸುತ್ತಿದ್ದಾಳೆ. ಶೀಟಿನ ಎರಡು ತುದಿ ಹಿಡಿದು ನನ್ನತ್ತ ನಡೆದು ಬರುವಾಗೆಲ್ಲ ಒಂದೊಂದು ಹೊಸ ಯೋಚನೆ ಹೇಳುತ್ತಾಳೆ. ನಿನ್ನದೇನು ಎಂದು ಕೇಳಿದಳು. ಮೊನ್ನೆ, ನಿಮ್ಮ ಅಂಗಿ ತೂಗುತ್ತಿದ್ದ ಬಾಗಿಲ ಹಿಂದಿನ ಮೊಳೆಯಿಂದ ನನ್ನ ಚೀಲವನ್ನು ತೆಗೆದು ಬೇರೆ ಕಡೆ ಇಟ್ಟೆ. ಯಾಕೆಂದು ಅತ್ತೆ ಕೇಳಲಿಲ್ಲ.

ಇನ್ನೊಂದು ಸುದ್ದಿ. ಕಂಪನಿಯವರು ನಮ್ಮನ್ನು ಬಸ್ಸಿನಲ್ಲಿ ಕರೆದುಕೊಂಡು ಬಂದು ನಿಮ್ಮ ಕಾರ್ಖಾನೆ ತೋರಿಸುತ್ತಾರಂತೆ, ಕಣ್ಣಾರೆ ನೋಡಿ ತೀರ್ಮಾನಿಸಿ ಎಂದು. ಬೀದಿಯ ಎರಡೂ ಕಡೆಯವರಿಗೆ ಜಾಗವಿದೆ. ಲಾಂಡ್ರಿಯಿಂದ ದೊಡ್ಡಕ್ಕನೂ ನಾನೂ. ಇಷ್ಟು ವರ್ಷಗಳಲ್ಲಿ ನೀವಿರುವ ಜಾಗವನ್ನು ನಾನು ನೋಡಿಯೇ ಇಲ್ಲ. ನಿಮ್ಮ ಕಿಟಕಿ ಯಾವ ದಿಕ್ಕಿಗಿದೆ ಎನ್ನುವುದೂ ನನಗೆ ಗೊತ್ತಿಲ್ಲ.

ಇಂತು,
ನಿಮ್ಮ ಮನೆಯಾಕೆ


ಫೆಬ್ರವರಿ ೧೫

ಸೋಪಮ್ಮನಿಗೆ,

ಕಿಟಕಿ ಪಶ್ಚಿಮಕ್ಕಿದೆ. ಎದುರಿಗೆ ಗೋಡೆ.

ನೀವು ಬರುವ ದಿನಕ್ಕಾಗಿ ಇಲ್ಲಿ ಮದುವೆಮನೆಯ ಗಡಿಬಿಡಿ. ಗೋಡೆಗಳಿಗೆ ಸುಣ್ಣ ಬಣ್ಣ ಆಗುತ್ತಿದೆ. ಎಲ್ಲರಿಗೂ ಹೊಸ ಅಂಗಿ ಕೊಟ್ಟಿದ್ದಾರೆ, ಆ ದಿನದವರೆಗೆ ಅದನ್ನು ಬಿಚ್ಚಿ ನೋಡುವುದೂ ತಪ್ಪು. ನಿಮ್ಮ ಗುಂಪಿಗೆ ಕುಲುಮೆ ತೋರಿಸುವ ಕೆಲಸ ನನಗೆ ವಹಿಸಿದ್ದಾರೆ. ಅದೇ ಬೀದಿಯವನು ಹೇಳಿದರೆ ಜನ ನಂಬುತ್ತಾರೆ ಎಂದು ಮ್ಯಾನೇಜರರ ಯೋಚನೆ. ಏನು ಹೇಳಬೇಕೆಂದು ಕಾಗದದಲ್ಲಿ ಬರೆದು ಕೊಟ್ಟಿದ್ದಾರೆ, ಕೋಣೆಯಲ್ಲಿ ಬಾಯಿಪಾಠ ಮಾಡುತ್ತಿದ್ದೇನೆ. ಭಾವ ಮಂಚದ ಮೇಲೆ ಕೂತು ನೀನಾಗಿ ನಟಿಸುತ್ತಾನೆ, ಅಡ್ಡಡ್ಡ ಪ್ರಶ್ನೆ ಕೇಳುತ್ತಾನೆ. ನಿನಗಿಂತ ಅವನದೇ ಬಾಯಿ ಜೋರು.

ಬರುವಾಗ ಏನೂ ತರಬೇಡ. ನೀನು ಬಂದರೆ ಸಾಕು.

ನಿನ್ನ,
ಬಾಯ್ಲರ್


ಮಾರ್ಚ್ ೩

ಯಜಮಾನರಿಗೆ,

ತಲುಪಿದೆವು. ದಾರಿಯುದ್ದಕ್ಕೂ ಎಲ್ಲರೂ ಕಾರ್ಖಾನೆಯ ಮಾತೇ ಆಡಿದರು. ಅಂದುಕೊಂಡದ್ದಕ್ಕಿಂತ ಶುಚಿಯಾಗಿದೆ ಎಂದು ನಮ್ಮ ಕಡೆಯವರು. ಮನೆಗೆ ನೆಂಟರು ಬರುವ ದಿನ ಎಲ್ಲರ ಮನೆಯೂ ಶುಚಿಯಾಗಿರುತ್ತದೆ ಎಂದು ಮೇಷ್ಟ್ರು. ನಾನು ಕಿಟಕಿಯ ಪಕ್ಕ ಕೂತಿದ್ದೆ.

ನೀವು ಚೆನ್ನಾಗಿ ಹೇಳಿದಿರಿ. ಒಂದು ಕಡೆಯೂ ತಡವರಿಸಲಿಲ್ಲ. ಮೆಟ್ಟಿಲು ಹತ್ತುವಾಗ ಎಲ್ಲರಿಗೂ ಹೇಳಿದ ಹಾಗೆ ನನಗೂ "ಬನ್ನಿ, ಇಲ್ಲಿ ಸ್ವಲ್ಪ ಹುಷಾರು" ಎಂದಿರಿ. ನಾನೂ "ಆಗಲಿ" ಎಂದೆ. ತಲೆಗೆ ಅಷ್ಟು ದೊಡ್ಡ ಹೆಲ್ಮೆಟ್ಟು ಇಟ್ಟಿದ್ದರು, ನನ್ನ ಮುಖ ನಿಮಗೆ ಕಂಡಿತೋ ಇಲ್ಲವೋ.

ಬಟ್ಟೆ ಬದಲಾಯಿಸುವ ಕೋಣೆಯ ಹಿಂದೆ ಸಿಕ್ಕ ಆ ಸ್ವಲ್ಪ ಹೊತ್ತಿನಲ್ಲಿ ನಾನು ಯಾಕೆ ಸುಮ್ಮನೆ ನಿಂತೆ ಎಂದು ನೀವು ಯೋಚಿಸಿರಬಹುದು. ನಿಮ್ಮ ಹತ್ತಿರ ನಿಂತರೂ ನಿಮ್ಮ ವಾಸನೆ ಬರುತ್ತಿರಲಿಲ್ಲ. ಹೊಸ ಅಂಗಿಯ ಗಂಜಿ, ಅಂಗಡಿಯ ವಾಸನೆ. ಇಷ್ಟು ದೂರ ಬಂದು ಬೇರೆ ಯಾರನ್ನೋ ನೋಡಿ ಹೋಗುತ್ತಿದ್ದೇನೆ ಅನ್ನಿಸಿತು. ಅದಕ್ಕೇ ಹಳೆಯ ಅಂಗಿ ಕೇಳಿದ್ದು. ನೀವು "ಅದು ಬರೀ ಕೊಳೆ ಕಣೇ, ಬೇಡ" ಎಂದಿರಿ. ಲಾಂಡ್ರಿಯವಳಿಗೆ ಕೊಳೆ ಎಂದರೆ ಹೆದರಿಕೆಯೇ?

ಬಸ್ಸಿನಲ್ಲಿ ದೊಡ್ಡಕ್ಕ ಮಡಿಲಲ್ಲಿದ್ದ ಗಂಟನ್ನು ನೋಡಿಬಿಟ್ಟಳು. "ನಾವೆಲ್ಲ ಕಂಪನಿ ಕೊಟ್ಟ ಕ್ಯಾಲೆಂಡರ್ ತಂದ್ವಿ, ಇವಳೊಬ್ಬಳು ಗಂಡನ ಬಟ್ಟೆ ಹೊತ್ಕೊಂಡು ಬಂದಿದಾಳೆ, ಊರಲ್ಲಿ ಒಗೆಯೋಕೆ ಸಾಲದು ಅಂತ" ಎಂದು ಹಿಂದಿನ ಸೀಟಿನವರೆಗೂ ಕೇಳುವ ಹಾಗೆ ಹೇಳಿದಳು. ಎಲ್ಲರೂ ನಕ್ಕರು. ಮೇಷ್ಟ್ರು ಕೂಡ.

ಅಂಗಿ ಬಾಗಿಲ ಹಿಂದಿನ ಮೊಳೆಯಲ್ಲಿದೆ. ಒಗೆದಿಲ್ಲ.

ಇಂತು,
ನಿಮ್ಮವಳು


ಮಾರ್ಚ್ ೧೪

ಸೋಪಮ್ಮನಿಗೆ,

ನಿನ್ನ ಮುಖ ಕಂಡಿತು. ಹೆಲ್ಮೆಟ್ಟಿನ ಪಟ್ಟಿ ಕಿವಿಯ ಮೇಲೆ ಸಿಕ್ಕಿಕೊಂಡಿತ್ತು. ಸರಿಮಾಡಲು ಕೈಯೆತ್ತಿದ್ದೆ, ಮ್ಯಾನೇಜರ್ ಪಕ್ಕದಲ್ಲಿದ್ದರು.

ನೀನು ಹೋದಮೇಲೆ ಒಂದು ವಿಷಯ ಮನಸ್ಸಿನಲ್ಲಿ ಕೊರೆಯುತ್ತಿದೆ. ಆ ದಿನ ಒಂದೇ ಕುಲುಮೆ ಉರಿಯುತ್ತಿತ್ತು. ಬೇರೆ ದಿನಗಳಲ್ಲಿ ಮೂರೂ ಉರಿಯುತ್ತವೆ. ಎರಕವನ್ನು ಚಕ್ರಕ್ಕೆ ಹಿಡಿದು ಉಜ್ಜುವ ಷೆಡ್ಡಿಗೆ ಆ ದಿನ ರಜೆ ಕೊಟ್ಟಿದ್ದರು. ನಾನು ಅದನ್ನು ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ. ಮೇಷ್ಟ್ರು ಕೇಳುತ್ತಾರೇನೋ ಎಂದು ಅವರ ಬಾಯಿಯನ್ನೇ ನೋಡುತ್ತಿದ್ದೆ. ಅವರು ಕುಡಿಯುವ ನೀರು ಎಲ್ಲಿದೆ ಎಂದು ಕೇಳಿದರು.

ಕೇಳಿದ್ದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ.

ಇಲ್ಲಿ ಸಂಜೆ ನಲ್ಲಿಯ ಹತ್ತಿರ ನಮ್ಮ ಅಂಗಿಗಳನ್ನು ನಾವೇ ಒಗೆದುಕೊಳ್ಳುತ್ತೇವೆ. ಊರಿಗೆ ಹೊರಡುವ ದಿನದ ಬಟ್ಟೆಯನ್ನು ಮಾತ್ರ ಪೆಟ್ಟಿಗೆಯಲ್ಲಿ ಬೇರೆ ಇಟ್ಟಿರುತ್ತೇವೆ. ಇಷ್ಟು ವರ್ಷ ನೀನು ನೋಡಿದ್ದು ಆ ಬಟ್ಟೆಗಳನ್ನೇ. ಅದಕ್ಕೆ ಆ ಅಂಗಿ ಕೊಡಲು ಹಿಂದೆಮುಂದೆ ನೋಡಿದೆ.

ನಿನ್ನ,
ಬಾಯ್ಲರ್


ಮಾರ್ಚ್ ೨೯

ಯಜಮಾನರಿಗೆ,

ಒಂದು ಎಡವಟ್ಟು ಮಾಡಿಕೊಂಡಿದ್ದೇನೆ.

ದಿನದ ಕೊನೆಯ ತೊಟ್ಟಿಯ ಶೀಟುಗಳ ಜೊತೆ ಅವರವರ ಮನೆಯ ಒಂದು ಬಟ್ಟೆ ಹಾಕಿಕೊಳ್ಳುವುದು ಲಾಂಡ್ರಿಯಲ್ಲಿ ಮೊದಲಿನಿಂದ ಬಂದ ರೂಢಿ. ನೀವು ಬಾಯ್ಲರ್ ನೋಡಿಕೊಳ್ಳುತ್ತಿದ್ದಾಗ ನಾನು ಹಾಕುತ್ತಿದ್ದದ್ದು ಯಾವಾಗಲೂ ನಿಮ್ಮ ಅಂಗಿಯನ್ನೇ. ಸೌದೆಯ ಬೂದಿ ನೀರಿನಲ್ಲಿ ಹೋಗುತ್ತದೆ, ಬಟ್ಟೆಗೆ ಸೋಪಿದ್ದ ಹಾಗೆ ಎಂದು ಅತ್ತೆಯೇ ಹೇಳುತ್ತಿದ್ದರು. ಕಳೆದ ವಾರ ಮೊಳೆಯಲ್ಲಿದ್ದ ಅಂಗಿಯಲ್ಲಿ ನಿಮ್ಮ ವಾಸನೆ ಹೋಗಿ ಬರೀ ಮುಗ್ಗಲು ಉಳಿದಿತ್ತು. ಒಗೆದು ಮಡಿಸಿಡೋಣವೆಂದು ಕೊಂಡುಹೋದೆ. ಕೊನೆಯ ತೊಟ್ಟಿ ಕುದಿಯುತ್ತಿತ್ತು. ಬ್ಲೀಚಿಂಗ್ ಪುಡಿ ಹಾಕಿ ಆಗಿತ್ತು. ಕೈ ತಾನಾಗಿಯೇ ಹಾಕಿಬಿಟ್ಟಿತು. ಹಾಕುವಾಗ ಸಂತೋಷವಾಗಿತ್ತು ಎಂದೂ ಬರೆಯಬೇಕು. ನೀವು ಹಿಂದೆ ಷೆಡ್ಡಿನಲ್ಲೇ ಇದ್ದೀರಿ, ಬೆವರು ಒರೆಸಿಕೊಂಡು ಇನ್ನೇನು ಬರುತ್ತೀರಿ ಅನ್ನಿಸಿತು.

ತೊಟ್ಟಿಯಿಂದ ಶೀಟು ಬೆಳ್ಳಗೇ ಬಂದವು. ಮರುದಿನ ಬೆಳಗ್ಗೆ ಹಗ್ಗದ ಮೇಲೆ ಹರಡಿದೆವು. ಬಿಸಿಲು ಏರಿದ ಹಾಗೆ ಒಂದೊಂದೇ ಚುಕ್ಕೆ ಕಾಣಿಸಿಕೊಂಡಿತು, ಸಾಸಿವೆಯಷ್ಟು, ತುಕ್ಕಿನ ಬಣ್ಣ. ಮೊದಲು ಹುಳು ಕೂತಿದೆ ಅಂದುಕೊಂಡು ಕೊಡವಿದೆ. ಮಧ್ಯಾಹ್ನದ ಹೊತ್ತಿಗೆ ಆ ತೊಟ್ಟಿಯ ಎಲ್ಲ ಶೀಟುಗಳ ಮೇಲೂ ಚುಕ್ಕೆ. ಸಾಲಿನ ಕೊನೆಯಲ್ಲಿ ನಿಮ್ಮ ಅಂಗಿ ತೂಗುತ್ತಿತ್ತು. ಅದರಲ್ಲಿದ್ದ ಕಬ್ಬಿಣದ ಪುಡಿಯಷ್ಟೂ ಶೀಟುಗಳಿಗೆ ಹಂಚಿಹೋಗಿತ್ತು. ಉಜ್ಜಿದೆವು, ಹುಳಿ ಹಾಕಿ ನೋಡಿದೆವು. ಬಟ್ಟೆ ಸವೆಯಿತೇ ಹೊರತು ಚುಕ್ಕೆ ಹೋಗಲಿಲ್ಲ. ಆಸ್ಪತ್ರೆಯವರು ವಾಪಸು ಕಳಿಸಿದರು.

ಷೆಡ್ಡಿನವರು ಯಾರೋ ಮೇಷ್ಟ್ರಿಗೆ ಹೇಳಿದ್ದಾರೆ. ಅವರು ಬಂದು ಒಂದು ಶೀಟನ್ನು ಬೆಳಕಿಗೆ ಹಿಡಿದು ನೋಡಿದರು. "ಸಭೆಗೆ ಇದನ್ನ ತಗೊಂಡು ಬಾಮ್ಮಾ. ಹೇಗಾಯ್ತು ಅಂತ ಅಷ್ಟೇ ಹೇಳು, ಬೇರೆ ಏನೂ ಬೇಡ" ಎಂದರು. ನಾನು ಬಾಯಿ ತೆರೆಯುವ ಮೊದಲೇ ದೊಡ್ಡಕ್ಕ, ಅದು ನಮ್ಮ ಪೈಪಿನ ತುಕ್ಕು ಎಂದಳು. ಮೇಷ್ಟ್ರು ನನ್ನನ್ನೇ ನೋಡಿದರು. ನೋಡುತ್ತೇನೆ ಎಂದಷ್ಟೇ ಹೇಳಿದೆ.

ಅವರು ಹೋದಮೇಲೆ ದೊಡ್ಡಕ್ಕ ನನ್ನ ಕೈ ಹಿಡಿದುಕೊಂಡು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ಪೈಪಿನಲ್ಲಿ ತುಕ್ಕಿಲ್ವಾ? ಇದೆ ತಾನೆ? ಹಾಗಾದ್ರೆ ಅದು ಸುಳ್ಳು ಹೇಗಾಗತ್ತೆ? ನನ್ನ ಗಂಡನೂ ಅಲ್ಲೇ ಇರೋದು ಕಣೇ."

ಸಭೆ ಏಪ್ರಿಲ್ ಇಪ್ಪತ್ತಕ್ಕೆ. ನಾನು ನಿಮ್ಮನ್ನು ಏನೂ ಕೇಳುತ್ತಿಲ್ಲ. ಆದದ್ದನ್ನು ತಿಳಿಸಿದೆ.

ಇಂತು,
ನಿಮ್ಮವಳು


ಏಪ್ರಿಲ್ ೮

ಸೋಪಮ್ಮನಿಗೆ,

ಕಾಗದ ತಲುಪಿತು. ಭಾವನಿಗೂ ದೊಡ್ಡಕ್ಕನಿಂದ ಕಾಗದ ಬಂದಿದೆ. ಇಬ್ಬರೂ ಓದಿ, ಮಡಿಸಿ, ಬೇರೆ ಮಾತಾಡಿದೆವು.

ನೀನು ಏನು ಹೇಳಬೇಕೆಂದು ನಾನು ಬರೆಯುವುದಿಲ್ಲ. ಬರೆದರೆ ಹೇಳುವುದು ನೀನಾಗುವುದಿಲ್ಲ, ನಾನಾಗುತ್ತೇನೆ.

ಇಲ್ಲಿ ಬಿಸಿಲು ಜಾಸ್ತಿ. ಅಟ್ಟದ ಮೇಲೆ ನಿಲ್ಲುವುದು ಕಷ್ಟ. ಸಂಜೆ ಕೆಲಸ ಬಿಟ್ಟಮೇಲೆ ಭಾವ ಬರೆದ ಆ ಸೀಮೆಸುಣ್ಣದ ಬಯಲನ್ನು ದಾಟಿಕೊಂಡೇ ಮಂಚಕ್ಕೆ ಹೋಗುತ್ತೇವೆ. ಇಬ್ಬರೂ ಅದನ್ನು ಅಳಿಸಿಲ್ಲ.

ಅಮ್ಮನ ಮಂಡಿಗೆ ಎಣ್ಣೆ ಕಳಿಸಿದ್ದೇನೆ.

ನಿನ್ನ,
ಬಾಯ್ಲರ್


ಏಪ್ರಿಲ್ ೨೨

ಯಜಮಾನರಿಗೆ,

ಸಭೆ ಮುಗಿಯಿತು. ನಾನು ಅಂಗಿಯದೆಂದೇ ಹೇಳಿದೆ.

ನಗರಸಭೆಯ ದೊಡ್ಡ ಕೋಣೆ, ಫ್ಯಾನುಗಳ ಸದ್ದಿಗೆ ಹಿಂದಿನವರಿಗೆ ಏನೂ ಕೇಳುತ್ತಿರಲಿಲ್ಲ. ಮೇಷ್ಟ್ರು ನಕ್ಷೆ ಹಿಡಿದು ಮಾತಾಡಿದರು. ಕಂಪನಿಯ ಅಧಿಕಾರಿ ಎಷ್ಟು ಮನೆಗಳ ಗಂಡಸರು ಊರಿಗೆ ಬರುತ್ತಾರೆಂದು ಹೇಳಿದಾಗ ನಮ್ಮ ಕಡೆಯ ಹೆಂಗಸರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆಮೇಲೆ ನನ್ನನ್ನು ಕರೆದರು. ಶೀಟು ಬಿಡಿಸಲು ಇನ್ನೊಬ್ಬರು ಬೇಕಿತ್ತು. ದೊಡ್ಡಕ್ಕ ಏಳಲಿಲ್ಲ. ಅಟೆಂಡರ್ ಬಂದು ಇನ್ನೊಂದು ತುದಿ ಹಿಡಿದ.

ಇದು ಎಲ್ಲಿಂದ ಬಂತು ಎಂದು ಅಧ್ಯಕ್ಷರು ಕೇಳಿದರು. ನಾನು ಹೇಳಿದ್ದು ಇಷ್ಟು: "ಇದು ನನ್ನ ಗಂಡನ ಅಂಗಿಯಿಂದ ಬಂದದ್ದು. ಅವರು ಅದೇ ಕಾರ್ಖಾನೆಯಲ್ಲಿದಾರೆ. ಮನೆಗೆ ಬರಲಿ ಅಂತ ನಾನು ಎಷ್ಟು ಆಸೆ ಪಟ್ಟಿದೀನಿ ಅಂತ ಇಲ್ಲಿ ಕೂತವರಿಗೆಲ್ಲ ಗೊತ್ತು. ಒಬ್ಬರ ಒಂದು ಅಂಗಿ ಇಷ್ಟು ಮಾಡಿದೆ."

ಅಧಿಕಾರಿ ಒರಟಾಗಿ ಮಾತಾಡಲಿಲ್ಲ. ಅದು ಕುಲುಮೆಯ ಪಕ್ಕ ನಿಲ್ಲುವವರ ಅಂಗಿ, ಗೋಡೆಯಾಚೆಯ ಗಾಳಿಯೇ ಬೇರೆ ಎಂದರು. ಇರಬಹುದು, ಗಾಳಿ ಗೋಡೆ ನೋಡಿ ನಿಲ್ಲುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ, ನಮ್ಮ ಹಗ್ಗ ಮಾತ್ರ ಆ ಗೋಡೆಗೇ ಕಟ್ಟಿದೆ ಎಂದೆ.

ಗುಮಾಸ್ತರು ಪೆನ್ನು ಹಿಡಿದು, "ಹಾಗಾದ್ರೆ ವಿರೋಧ ಅಂತ ಬರ್ಕೊಳ್ಳಲಾ?" ಎಂದರು. ಆ ಶಬ್ದ ನನ್ನ ಬಾಯಿಂದ ಬರಲಿಲ್ಲ. "ಆದದ್ದನ್ನ ಹೇಳಿದೀನಿ. ನೀವು ಎಲ್ಲಿ ಬರ್ಕೋತೀರೋ ಬರ್ಕೊಳ್ಳಿ" ಎಂದು ಕೂತುಬಿಟ್ಟೆ.

ಅತ್ತೆ ಮನೆಗೆ ಬಂದು ನೀರು ಕುಡಿದು, "ಒಗೆಯೋದು ಬಟ್ಟೆ. ನಾಲಿಗೆಗೂ ಅಷ್ಟು ಬಿಳುಪು ಯಾಕೆ ಬೇಕಿತ್ತೇ ನಿನಗೆ?" ಎಂದರು. ಬೈಗುಳದ ದನಿಯಾಗಿದ್ದರೆ ತಡೆದುಕೊಳ್ಳುತ್ತಿದ್ದೆ.

ನೀವು ಬರೆಯಿರಿ.

ಇಂತು,
ನಿಮ್ಮವಳು


ಮೇ ೧೮

ಯಜಮಾನರಿಗೆ,

ನಿಮ್ಮಿಂದ ಕಾಗದವಿಲ್ಲ. ಭಾನುವಾರ ಫೋನಿನಲ್ಲಿ ಅತ್ತೆಯ ಜೊತೆ ಮಾತಾಡಿ ಇಟ್ಟುಬಿಡುತ್ತೀರಿ. ನಾನು ಪಕ್ಕದಲ್ಲೇ ನಿಂತಿರುತ್ತೇನೆ.

ನಗರಸಭೆ ಮತ ಹಾಕಿತು. ಬಯಲು ಹಸಿರಾಗಿಯೇ ಉಳಿಯುತ್ತದೆ. ನನ್ನ ಶೀಟಿನಿಂದಲೇ ಹೀಗಾಯಿತು ಎಂದು ಕೆಲವರು, ಊರಾಚೆಯ ಜಮೀನಿನವರ ಕೈವಾಡ ಎಂದು ಕೆಲವರು. ಯಾವುದು ನಿಜವೋ. ಮೇಷ್ಟ್ರು ಬಂದು ಕೈಮುಗಿದರು. ನನಗೆ ಕೈಯೆತ್ತಲು ಆಗಲಿಲ್ಲ.

ದೊಡ್ಡಕ್ಕ ಜೋಡಿ ಬಿಟ್ಟಿಲ್ಲ. ಕೆಲಸ ನಡೆಯಬೇಕಲ್ಲ. ಮೂಲೆಗೆ ಮೂಲೆ ಕೊಡುತ್ತಾಳೆ, ಮಾತು ಕೊಡುವುದಿಲ್ಲ. ಶೀಟಿನ ಆ ತುದಿಯಿಂದ ನನ್ನತ್ತ ನಡೆದು ಬರುವಾಗ ನನ್ನ ಹೆಗಲ ಮೇಲಿಂದ ಬಯಲಿನ ಕಡೆ ನೋಡುತ್ತಾಳೆ.

ಕೋಪವಿದ್ದರೆ ಕೋಪವನ್ನೇ ಬರೆಯಿರಿ. ಖಾಲಿ ಇರುವುದಕ್ಕಿಂತ ವಾಸಿ.

ನಿಮ್ಮವಳು


ಜೂನ್ ೧೧

ಸೋಪಮ್ಮನಿಗೆ,

ಬರೆಯಲು ಕೂತು ಎದ್ದ ದಿನಗಳು ಬಹಳ.

ಇಲ್ಲಿ ಎಲ್ಲರಿಗೂ ಗೊತ್ತಾಯಿತು. ಕಂಪನಿಯವರು ನನಗೆ ಏನೂ ಅನ್ನಲಿಲ್ಲ. ನಮ್ಮ ಬೀದಿಯವರು ಅಂದರು. ಊಟದ ಕೋಣೆಯಲ್ಲಿ ಒಬ್ಬ, "ಬಾಯ್ಲರಣ್ಣನ ಅಂಗಿಗೆ ದೃಷ್ಟಿ ತೆಗೀರಪ್ಪಾ, ಇಡೀ ಕಾರ್ಖಾನೆನೇ ನುಂಗಿದ ಅಂಗಿ ಅದು" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಭಾವ ನಗಲಿಲ್ಲ. ಅಂದು ಸಂಜೆ ಅವನು ಒದ್ದೆ ಬಟ್ಟೆ ತೆಗೆದುಕೊಂಡು ನೆಲದ ಮೇಲಿನ ಚಿತ್ರ ಒರೆಸಿದ. ನಾನು ಮಂಚದ ಮೇಲೆ ಕೂತು ನೋಡಿದೆ.

ಕೋಪ ಬಂದದ್ದು ನಿಜ. ನೀನು ನಿಜ ಹೇಳಿದೆಯೆಂದು ಅಲ್ಲ. ನೀನು ಹೇಳಿದ್ದೆಲ್ಲ ನನಗೆ ನಿನಗಿಂತ ಚೆನ್ನಾಗಿ ಗೊತ್ತು. ಏನು ಹೇಳಬೇಕೆಂದು ನಾನು ಬರೆಯುವುದಿಲ್ಲ ಎಂದೆನಲ್ಲ, ಅದು ದೊಡ್ಡತನವಲ್ಲ. ನಾನು ಕೇಳದೆಯೇ, ನನಗಾಗಿ ನೀನು ಒಂದು ಸುಳ್ಳು ಹೇಳುತ್ತೀಯ ಎಂದು ಕಾದಿದ್ದೆ. ಹೇಳಲಿಲ್ಲ ಎಂದು ತಿಳಿದ ದಿನ, ನಾನು ಬರುವುದು ನಿನಗೆ ಅಷ್ಟೇನೂ ಬೇಕಿರಲಿಲ್ಲ ಅನ್ನಿಸಿತು. ಇದನ್ನು ಬರೆಯಲು ಇಷ್ಟು ದಿನ ಬೇಕಾಯಿತು. ಬರೆದ ಮೇಲೆ ನನಗೇ ನಾಚಿಕೆಯಾಗುತ್ತಿದೆ, ಆದರೆ ಈ ಕಾಗದವನ್ನು ಹರಿಯುವುದಿಲ್ಲ.

ಹೊಸ ಕಾರ್ಖಾನೆ ಇನ್ನೂ ದೂರದ ಊರಿಗೆ ಹೋಗುತ್ತದೆ. ಇಲ್ಲಿಯದನ್ನು ಮುಚ್ಚುತ್ತಾರೆ. ಅಲ್ಲಿ ಕಟ್ಟಿದ ಷೆಡ್ಡುಗಳೇ ಸಿಕ್ಕಿವೆಯಂತೆ, ಜುಲೈ ಮೊದಲ ವಾರ ನಮ್ಮನ್ನೆಲ್ಲ ಅಲ್ಲಿಗೆ ಕಳಿಸುತ್ತಾರೆ. ಅಲ್ಲಿಂದ ಮನೆಗೆ ಬರಬೇಕಾದರೆ ಎರಡು ರೈಲು ಬದಲಿಸಬೇಕು. ವರ್ಷಕ್ಕೆ ಒಂದು ಸಲ ಬಂದರೆ ಹೆಚ್ಚು. ನಾನು ಹೋಗುತ್ತೇನೆ ಎಂದು ಹೇಳಿದ್ದೇನೆ. ಬೇರೆ ಏನು ಗೊತ್ತಿದೆ ನನಗೆ.

ನಿನ್ನ,
ಬಾಯ್ಲರ್


ಜೂನ್ ೨೦

ನನ್ನ ಯಜಮಾನರಿಗೆ,

ಕಾಗದ ಬಂತು. ಷೆಡ್ಡಿನ ಹಿಂದೆ ನಿಂತು ಓದಿದೆ.

ನಿಮಗೆ ಒಂದು ವಿಷಯ ತಿಳಿಸಿರಲಿಲ್ಲ. ಆ ದಿನ ಸಭೆಯಲ್ಲಿ ನಾನು ಎದ್ದದ್ದು ಪೈಪು ಎಂದು ಹೇಳಲಿಕ್ಕೇ. ಮನೆಯಿಂದ ಹೊರಡುವಾಗಲೇ ತೀರ್ಮಾನ ಮಾಡಿದ್ದೆ. ದೊಡ್ಡಕ್ಕನಿಗೂ ಸನ್ನೆ ಮಾಡಿದ್ದೆ. ಅದಕ್ಕೇ ಅವಳಿಗೆ ಅಷ್ಟು ನೋವು. ನಮ್ಮ ಪೈಪು ಬಹಳ ಹಳೆಯದು ಸ್ವಾಮೀ ಎನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ನೀವು ಬರಬೇಕೆಂಬ ಆಸೆ ಎಷ್ಟಿತ್ತೆಂದರೆ, ಊರಿಗೆ ಊರೇ ಕಪ್ಪಾದರೂ ನಾನು ಒಗೆದುಕೊಳ್ಳುತ್ತೇನೆ ಎಂದುಕೊಂಡಿದ್ದೆ.

ಅಟೆಂಡರ್ ಶೀಟನ್ನು ಸರಿಯಾಗಿ ಎಳೆದು ಹಿಡಿಯಲಿಲ್ಲ. ಅದು ನನ್ನ ಮೈಮೇಲೆ ಬಿತ್ತು. ಎದೆಯ ಮೇಲೆಲ್ಲ ಆ ಚುಕ್ಕೆಗಳು. ಅಲ್ಲಿಯವರೆಗೆ ನಾನು ಶೀಟುಗಳ ಬಗ್ಗೆ, ಆಸ್ಪತ್ರೆಯ ಬಗ್ಗೆ, ಬಯಲಿನ ಬಗ್ಗೆ ಯೋಚಿಸಿದ್ದೆ. ಅಷ್ಟು ಕಬ್ಬಿಣ ಕೂತ ಅಂಗಿಯೊಳಗೆ ಒಬ್ಬ ಮನುಷ್ಯನಿದ್ದ ಎನ್ನುವುದು ನನ್ನ ತಲೆಗೇ ಬಂದಿರಲಿಲ್ಲ. ಬಟ್ಟೆಯನ್ನು ತೊಟ್ಟಿಗೆ ಹಾಕಬಹುದು. ಅಧ್ಯಕ್ಷರು ಕೇಳಿದಾಗ, ಪೈಪು ಎಂದರೆ ನೀವು ಆ ಅಂಗಿಯೊಳಗೆ ಇರಲೇ ಇಲ್ಲ ಎಂದ ಹಾಗಾಗುತ್ತದೆ ಅನ್ನಿಸಿತು. ಅಷ್ಟೇ. ಬಯಲಿಗಾಗಿ ಹೇಳಲಿಲ್ಲ, ಮೇಷ್ಟ್ರಿಗಾಗಿ ಹೇಳಲಿಲ್ಲ. ನೀವು ಬೇಡವೆಂದು ಹೇಳಿದ್ದಂತೂ ಅಲ್ಲ.

ನಿಮ್ಮ ಕಾಗದವನ್ನು ಅತ್ತೆಗೆ ಓದಿ ಹೇಳಿದೆ. ಕೇಳಿಸಿಕೊಂಡು, "ಎರಡು ರೈಲು ಬದಲಾಯಿಸೋಕೆ ಅವನಿಗೊಬ್ಬನಿಗೇ ಬರತ್ತೇನು? ನಿನಗೆ ಕಾಲಿಲ್ವಾ?" ಎಂದರು. ಲಾಂಡ್ರಿಯಲ್ಲಿ ಕೇಳಿದೆ, ಬಿಡುವು ಕೊಡುತ್ತಾರೆ. ನಾನಿಲ್ಲದಾಗ ಅತ್ತೆಗೆ ಊಟ ತಾನೇ ಕೊಡುತ್ತೇನೆಂದು ದೊಡ್ಡಕ್ಕ ಬೇರೆ ಯಾರಿಗೋ ಹೇಳುವ ಹಾಗೆ ಗೋಡೆಗೆ ಹೇಳಿದಳು. ಜುಲೈ ಕೊನೆಗೆ ಟಿಕೆಟ್ ತೆಗೆಸಿದ್ದೇನೆ.

ಈಗ ಒಂದು ಪ್ರಶ್ನೆ. ಇಷ್ಟು ವರ್ಷ ಯಾವಾಗ ಬರುತ್ತೀರಿ ಎಂದೇ ಕೇಳಿದ್ದೇನೆ, ಇದನ್ನು ಕೇಳಿಯೇ ಇಲ್ಲ. ಬೆಳಗ್ಗೆ ಎದ್ದಾಗ ಕೆಮ್ಮುತ್ತೀರಾ?

ಇಲ್ಲ ಎಂದು ಬರೆದರೆ ನಾನು ನಂಬುವುದಿಲ್ಲ. ಬಂದು ಪಕ್ಕದಲ್ಲಿ ಮಲಗಿ ನಾನೇ ಕೇಳಿಸಿಕೊಳ್ಳುತ್ತೇನೆ.

ಹೊರಟು ನಿಂತ,
ನಿಮ್ಮವಳು